‘ಆಮೇಲೆ’ ಅನ್ನೋ ಫೋಲ್ಡರ್

ನನ್ನ ಲ್ಯಾಪ್‌ಟಾಪಿನಲ್ಲಿ ‘ಆಮೇಲೆ’ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ಈಗ 38 ಫೈಲುಗಳಿವೆ. ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಹಾಡುವವರು, ಬರೆಯುವವರು, ಸಿನಿಮಾ ಮಾಡುವವರು, ಚಿತ್ರ ಬಿಡಿಸುವವರು. ಎಲ್ಲರೂ ಚೆನ್ನಾಗಿಯೇ ಇದ್ದಾರೆ. ಆದರೆ ಎಲ್ಲರ ಫೈಲಿನ ಮೊದಲ ಸಾಲಿನಲ್ಲೂ ‘ನಿಧನರಾದರು’ ಅಂತ ಬರೆದಿಟ್ಟಿದ್ದೇನೆ. ಯಾವತ್ತು, ಎಲ್ಲಿ, ಎಷ್ಟನೇ ವಯಸ್ಸಿಗೆ ಅನ್ನುವ ಕಡೆ ಮಾತ್ರ ಜಾಗ ಖಾಲಿ.

ಅಮ್ಮ ಒಮ್ಮೆ ಸಾಗರದಿಂದ ನೈರೋಬಿಗೆ ಬಂದಿದ್ದಾಗ ನನ್ನ ಹಿಂದೆ ನಿಂತು ಇದನ್ನು ಓದಿಬಿಟ್ಟಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು, ಓದದೆ ಬಿಡ್ತಾಳಾ.

“ಹೋಗ್ಬಿಟ್ರಾ ಇವರು?”

“ಇಲ್ಲಮ್ಮ, ಇದ್ದಾರೆ.”

“ಮತ್ತೆ ಇದೆಂತ ಬರ್ದಿದ್ದು?”

“ಮುಂದೆ ಬೇಕಾಗತ್ತೆ ಅಂತ...”

“ಬಿಡ್ತು ಅನ್ನು! ಮೊದಲು ಬಿಡ್ತು ಅನ್ನು!”

ಅಂದೆ. ಅವತ್ತಿನಿಂದ ಅದೇ ಅಭ್ಯಾಸವಾಗಿಹೋಗಿದೆ. ಹೊಸ ಫೈಲು ಸೇವ್ ಮಾಡುವಾಗಲೆಲ್ಲ ಬಾಯಲ್ಲಿ ‘ಬಿಡ್ತು’ ತಾನಾಗಿ ಬರುತ್ತದೆ. ಪಕ್ಕದಲ್ಲಿ ಕೂತ ಕೀನ್ಯಾದ ಗೆಳತಿ ಇದೇನೋ ಕನ್ನಡದ ಕಂಪ್ಯೂಟರ್ ಪದ ಅಂದುಕೊಂಡಿದ್ದಳು.

ಇದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ನೈರೋಬಿಗೆ ಬರುವ ಮುಂಚೆ ಬೆಂಗಳೂರಿನ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಆರು ವರ್ಷ ಇದ್ದೆ. ಅಲ್ಲಿ ನನ್ನ ಪಾಲಿಗೆ ಬಂದಿದ್ದು ‘ನಿಧನ’ ಕಾಲಂ. ರಾತ್ರಿ ಒಂಬತ್ತರ ಮೇಲೆ ಊರೂರಿನ ವರದಿಗಾರರು ಫೋನ್ ಮಾಡಿ “ಮೇಡಂ, ಒಂದು ನಿಧನ ಇದೆ, ಬರ್ಕೊಳ್ಳಿ” ಅನ್ನೋರು. ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ, ಅಪಾರ ಬಂಧುಬಳಗ. ಅಷ್ಟೇ. ಇಡೀ ಬದುಕು ಆರು ಸಾಲಿಗೆ. ಜಾಗ ಕಮ್ಮಿಯಾದ ದಿನ ಬಂಧುಬಳಗವನ್ನೂ ತೆಗೆದುಹಾಕುತ್ತಿದ್ದೆ.

2010ರಲ್ಲಿ ಗಂಡನಿಗೆ ನೈರೋಬಿಯ ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ನಾನೂ ಬಂದೆ. ಒಂದು ವಿದೇಶಿ ಸುದ್ದಿ ಸಂಸ್ಥೆಗೆ ಸ್ಟ್ರಿಂಗರ್ ಆದೆ. ಸ್ಟ್ರಿಂಗರ್ ಅಂದರೆ ಸಂಬಳ ಇಲ್ಲ, ರಜೆ ಇಲ್ಲ. ಬರೆದದ್ದು ಪ್ರಕಟವಾದರೆ ದುಡ್ಡು. ಹೊರಗಿನಿಂದ ಬಂದವಳು ಅನ್ನೋ ಅಳುಕು ಇದ್ದೇ ಇತ್ತು. ಆದರೆ ಸ್ವಾಹಿಲಿ ಸ್ವಲ್ಪ ಬೇಗ ಹತ್ತಿರವಾಯಿತು. ಅಂಗಡಿಗೆ ‘ದುಕ’, ಕಾರಿಗೆ ‘ಗಾರಿ’, ವಿಮೆಗೆ ‘ಬೀಮ’, ಲಕ್ಷಕ್ಕೆ ‘ಲಾಕಿ’. ಎಲ್ಲ ನಮ್ಮ ಕಡೆಯಿಂದ ಹಡಗು ಹತ್ತಿ ಹೋದ ಮಾತುಗಳು. ಎಡವಿದ್ದು ನೆಂಟರ ವಿಷಯದಲ್ಲಿ. ಅಲ್ಲಿ ‘ದಾದಾ’ ಅಂದರೆ ಅಕ್ಕ, ‘ಕಾಕಾ’ ಅಂದರೆ ಅಣ್ಣ. ಮೊದಲ ವಾರವೇ ವಾಚ್‌ಮನ್ ನನ್ನನ್ನು ದಾದಾ ಅಂದಾಗ, ಯಾರಪ್ಪ ಇವನು ನನ್ನನ್ನು ರೌಡಿ ಮಾಡ್ತಿದ್ದಾನೆ ಅನ್ನಿಸಿತ್ತು.

ಮರುವರ್ಷವೇ ಸೋಮಾಲಿಯಾದಲ್ಲಿ ಭೀಕರ ಬರ. 2011ರ ಜುಲೈನಲ್ಲಿ ವಿಶ್ವಸಂಸ್ಥೆ ಕ್ಷಾಮ ಅಂತ ಘೋಷಿಸಿತು. ಗಡಿಯ ಈಚೆಗೆ ಕೀನ್ಯಾದ ದದಾಬ್ ಶಿಬಿರದಲ್ಲಿ ನಿರಾಶ್ರಿತರ ಸಂಖ್ಯೆ 4 ಲಕ್ಷ ದಾಟಿತ್ತು. ನಾನು ಹೋದೆ. ಡೆಸ್ಕಿನವರಿಗೆ ಬೇಕಾದದ್ದು ಅಂಕಿ, ತೂಕ, ಎಷ್ಟು ದಿನ ನಡೆದು ಬಂದರು, ದಾರಿಯಲ್ಲಿ ಎಷ್ಟು ಮಕ್ಕಳು ಹೋದವು. ಎಲ್ಲ ಕಳಿಸಿದೆ. ಒಂದು ಕಡೆ ರೇಷನ್ನಿನ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಕೈತಟ್ಟುತ್ತಾ ಏನೋ ಹೇಳುತ್ತಿದ್ದಳು, ಸುತ್ತಲಿನ ಹೆಂಗಸರು ಸೊಲ್ಲು ಸೇರಿಸುತ್ತಿದ್ದರು. ಏನದು ಅಂತ ದುಭಾಷಿಯನ್ನು ಕೇಳಿದೆ. ‘ಬುರಾಂಬುರ್’ ಅಂದ. ಸೋಮಾಲಿ ಹೆಂಗಸರದ್ದೇ ಆದ ಪದ್ಯದ ಧಾಟಿ ಅದು. ಅವಳು ಬಂದ ದಾರಿಯನ್ನೇ ಕಟ್ಟಿ ಹೇಳುತ್ತಿದ್ದಳು. ಎಲ್ಲಿ ಒಂಟೆ ಬಿತ್ತು, ಯಾವ ಮರದ ಕೆಳಗೆ ಯಾರನ್ನು ಮಣ್ಣು ಮಾಡಿದರು, ಯಾವ ಊರಿನವರು ನೀರು ಕೊಟ್ಟರು, ಯಾವ ಊರಿನವರು ಕೊಡಲಿಲ್ಲ. ನಾನು ಇಡೀ ದಿನ ಕೇಳಿ ಬರೆದುಕೊಂಡದ್ದಕ್ಕಿಂತ ಜಾಸ್ತಿ ವರದಿ ಅದರಲ್ಲಿತ್ತು. ಎರಡು ಪ್ಯಾರಾ ಬರೆದೆ. ‘ಜಾಗ ಇಲ್ಲ, ಸಾರಿ’ ಅಂತ ಮೇಲ್ ಬಂತು.

ಆಮೇಲೂ ಇದೇ ಕಥೆ. ಬಾಂಬು, ಚುನಾವಣೆ, ರೋಗ ಅಂದರೆ ಹತ್ತು ನಿಮಿಷಕ್ಕೆ ಉತ್ತರ. ಕಲೆ ಅಂದರೆ ‘ಚೆನ್ನಾಗಿದೆ, ನೋಡೋಣ’. ಈ ‘ನೋಡೋಣ’ ಇದೆಯಲ್ಲ, ಎಲ್ಲ ದೇಶದಲ್ಲೂ ಅದಕ್ಕೆ ಒಂದೇ ಅರ್ಥ. ಕಲಾವಿದರ ಬಗ್ಗೆ ಡೆಸ್ಕೇ ತಾನಾಗಿ ಫೋನ್ ಮಾಡಿ, ಎಷ್ಟು ಹೊತ್ತಲ್ಲಿ ಕೊಡ್ತೀಯಾ ಅಂತ ಕೇಳುವುದು ಒಂದೇ ಸಲ. ಅವರು ಸತ್ತಾಗ.

ಇದು ಗೊತ್ತಾದ ಮೇಲೆ ನಾನೂ ಒಂದು ಉಪಾಯ ಮಾಡಿದೆ. ‘ನೋಡೋಣ’ ಅನ್ನಿಸಿಕೊಂಡ ಲೇಖನಗಳನ್ನೆಲ್ಲ ಒಂದೊಂದಾಗಿ ನಿಧನ ವಾರ್ತೆಯ ರೂಪಕ್ಕೆ ತಿರುಗಿಸಿ ಇಟ್ಟುಕೊಂಡೆ. ಕ್ರಿಯಾಪದದ ಕಾಲ ಬದಲಿಸೋದು, ಅಷ್ಟೇ ತಾನೆ. ಹಾಡುತ್ತಾರೆ ಇದ್ದದ್ದು ಹಾಡುತ್ತಿದ್ದರು. ಫೋಲ್ಡರ್ ಶುರುವಾಗಿದ್ದು ಹೀಗೆ.

ಮೊದಲ ಫೈಲು ಟಾಂಜಾನಿಯಾದ ಜಾಂಜಿಬಾರ್ ದ್ವೀಪದ ಬಿ ಕಿಡುಡೆಯದು. ನಿಜವಾದ ಹೆಸರು ಫಾತುಮಾ ಬಿಂತಿ ಬರಾಕಾ. ತಾರಾಬ್ ಅನ್ನೋ ಸಂಗೀತದ ಹಾಡುಗಾತಿ. ಅರಬ್ಬೀ ವಾದ್ಯ, ಆಫ್ರಿಕಾದ ತಾಳ, ನಡುವೆ ನಮ್ಮ ಹಳೆಯ ಹಿಂದಿ ಸಿನಿಮಾ ಹಾಡಿನ ಎಳೆ, ಎಲ್ಲ ಸೇರಿದ ಸಂಗೀತ ಅದು. ಇದರಲ್ಲಿ ಇವರಿಗೂ ಹಿರಿಯರು ಸಿತಿ ಬಿಂತಿ ಸಾದ್. ಅವರು 1928ರಲ್ಲಿ ಹಡಗು ಹತ್ತಿ ಬೊಂಬಾಯಿಗೆ ಬಂದು ಗ್ರಾಮಫೋನ್ ತಟ್ಟೆ ಕೊಟ್ಟು ಹೋದವರು. ಬಿ ಕಿಡುಡೆಯ ಫೈಲು ಬರೆಯುವಾಗ ತಲೆಕೆಟ್ಟಿದ್ದು ವಯಸ್ಸಿನ ವಿಷಯಕ್ಕೆ. ಯಾರಿಗೂ ಗೊತ್ತಿಲ್ಲ. ನೂರು ದಾಟಿದೆ ಅನ್ನುವವರೇ ಎಲ್ಲ. ರೂಪಾಯಿ ಚಲಾವಣೆಯಲ್ಲಿದ್ದ ಕಾಲದಲ್ಲಿ ಹುಟ್ಟಿದ್ದು ನಾನು ಅಂತ ಅವರೇ ಹೇಳುತ್ತಿದ್ದರಂತೆ. ಜಾಂಜಿಬಾರಿನಲ್ಲಿ 1935ರ ಕೊನೆವರೆಗೂ ರೂಪಾಯಿ ನಡೆಯುತ್ತಿತ್ತು. ಡೆಸ್ಕಿನವರಿಗೆ ಇದು ತಮಾಷೆ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ನಮ್ಮ ಅಜ್ಜಿಯೂ ‘ಪ್ಲೇಗ್ ಬಂದು ಊರು ಬಿಟ್ಟ ವರ್ಷ ಹುಟ್ಟಿದ್ದು’ ಅನ್ನುತ್ತಿದ್ದಳು. ಅದಕ್ಕಿಂತ ಖಚಿತ ಏನು ಬೇಕು?

2012ರ ಫೆಬ್ರವರಿಯಲ್ಲಿ ಸೌತಿ ಜಾ ಬುಸಾರಾ ಸಂಗೀತೋತ್ಸವಕ್ಕೆ ಜಾಂಜಿಬಾರಿಗೆ ಹೋಗಿದ್ದೆ. ಹಳೆಯ ಕೋಟೆಯೊಳಗೆ ನಡೆಯೋ ಹಬ್ಬ ಅದು. ಬಿ ಕಿಡುಡೆಯನ್ನು ಭೇಟಿ ಮಾಡಬೇಕು ಅಂದುಕೊಂಡೆ. ಮೊದಲ ದಿನ ಬೇರೆ ಕೆಲಸ, ಎರಡನೇ ದಿನ ಸೆಕೆಗೆ ತಲೆನೋವು, ಮೂರನೇ ದಿನ ದೋಣಿಗೆ ಹೊತ್ತಾಯಿತು. ಮುಂದಿನ ಸಲ ನೋಡಿದರಾಯಿತು ಅಂತ ವಾಪಸ್ ಬಂದೆ. 2013ರ ಏಪ್ರಿಲ್ 17ರಂದು ಅವರು ತೀರಿಕೊಂಡರು. ನನ್ನ ಫೈಲು ಮೊದಲ ಸಲ ಕೆಲಸಕ್ಕೆ ಬಂತು. ಮೂರು ನಿಮಿಷದಲ್ಲಿ ಕಳಿಸಿದೆ. ಸಂಪಾದಕರು ಭೇಷ್ ಅಂದರು. ಒಂದು ದಿನವೂ ಎದುರು ಕೂತು ಮಾತಾಡದವರ ಬಗ್ಗೆ ಭೇಷ್.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಆದದ್ದನ್ನು ಹೇಳುತ್ತೇನೆ. 21ನೇ ತಾರೀಕು, ಶನಿವಾರ. ನೈರೋಬಿಯ ನ್ಯಾಷನಲ್ ಮ್ಯೂಸಿಯಂ ಆವರಣದಲ್ಲಿ ಸ್ಟೋರಿಮೋಜಾ ಸಾಹಿತ್ಯ ಹಬ್ಬ ನಡೆಯುತ್ತಿತ್ತು. ಟೆಂಟು, ಪುಸ್ತಕದ ಮೇಜು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡ ಮಕ್ಕಳು. ಘಾನಾದಿಂದ ಕೋಫಿ ಅವೂನರ್ ಬಂದಿದ್ದರು. 78 ವರ್ಷ. ದೊಡ್ಡ ಕವಿ. ಜೈಲು ಕಂಡವರು, ರಾಯಭಾರಿ ಆಗಿದ್ದವರು. ಆದರೆ ನನಗೆ ಅವರಲ್ಲಿ ಆಸಕ್ತಿ ಹುಟ್ಟಿದ್ದು ಅವರ ಅಜ್ಜಿಯಿಂದ. ಆಕೆ ಸಾವಿನ ಮನೆಯಲ್ಲಿ ಹಾಡುವವಳು. ಘಾನಾದ ಎವೆ ಜನರಲ್ಲಿ ಸತ್ತವರನ್ನು ಹಾಡಿ ಕಳಿಸುವ ಪದ್ಧತಿ ಇದೆ, ಅದಕ್ಕೆ ಹೆಸರಾದ ಹಾಡುಗಾರರಿದ್ದಾರೆ. ಅವೂನರ್ ಆ ಹಾಡುಗಳನ್ನು ಇಂಗ್ಲಿಷಿಗೆ ತಂದವರು, ತಮ್ಮ ಪದ್ಯಕ್ಕೂ ಆ ಧಾಟಿ ತಂದವರು. ನಮ್ಮ ಉತ್ತರ ಕರ್ನಾಟಕದ ಕಡೆ ಹೆಂಗಸರು ಹಾಡ್ಯಾಡಿ ಅಳುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಅವರ ಕಾವ್ಯವಾಚನ ಇತ್ತು. ಅದು ಮುಗಿದ ಮೇಲೆ ಹಿಡಿದು ಮಾತಾಡಿಸಬೇಕು ಅಂತ ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಏಳು ಪ್ರಶ್ನೆ ಬರೆದುಕೊಂಡಿದ್ದೆ. ಮೊದಲನೆಯದು: ಅಜ್ಜಿ ಸತ್ತಾಗ ಯಾರು ಹಾಡಿದರು?

ಮಧ್ಯಾಹ್ನ ಫೋನುಗಳು ಶುರುವಾದವು. ವೆಸ್ಟ್‌ಗೇಟ್ ಮಾಲ್‌ನಲ್ಲಿ ಗುಂಡಿನ ಸದ್ದು ಅಂತೆ. ಮೊದಲು ಎಲ್ಲರೂ ದರೋಡೆ ಅಂದುಕೊಂಡೆವು, ಅದು ಉಗ್ರರ ದಾಳಿ. ಮ್ಯೂಸಿಯಂನಿಂದ ನಾಲ್ಕು ಕಿಲೋಮೀಟರ್ ಇದ್ದರೆ ಹೆಚ್ಚು. ನಾವು ತರಕಾರಿ, ಕಾಫಿಪುಡಿ ತರುವ ಮಾಲ್ ಅದು. ಪಾರ್ಕ್‌ಲ್ಯಾಂಡ್ಸಿನ ಇಂಡಿಯನ್ ಮನೆಯವರಿಗೆ ಶನಿವಾರ ಅಂದರೆ ವೆಸ್ಟ್‌ಗೇಟ್. ಅವತ್ತು ಮೇಲಿನ ಪಾರ್ಕಿಂಗಿನಲ್ಲಿ ಮಕ್ಕಳ ಅಡುಗೆ ಸ್ಪರ್ಧೆ ಬೇರೆ ಇತ್ತು. ಗಂಡನಿಗೆ ಫೋನ್ ಮಾಡಿದೆ, ಮನೆಯಲ್ಲೇ ಇದ್ದ. ಅಮ್ಮ ಸಾಗರದಿಂದ ಮಾಡಿದಳು. ಟಿವಿಯಲ್ಲಿ ತೋರಿಸ್ತಿದಾರೆ ಕೂಸೇ, ಎಲ್ಲಿದ್ದೆ ನೀನು. ಮ್ಯೂಸಿಯಂನಲ್ಲಿ ಕವಿಗೋಷ್ಠಿಗೆ ಬಂದಿದ್ದೆ ಅಂದೆ. ಅಲ್ಲೇ ಇರು ಅಂದಳು. ಆಗಲೇ ಟ್ಯಾಕ್ಸಿಯಲ್ಲಿದ್ದೆ, ವೆಸ್ಟ್‌ಗೇಟ್ ಕಡೆಗೆ.

ಮುಂದಿನ ನಾಲ್ಕು ದಿನ ಪೊಲೀಸ್ ಹಗ್ಗದ ಈಚೆ ನಿಂತು ಲೆಕ್ಕ ಬರೆದೆ. ಸುದ್ದಿಯವರ ಕೆಲಸವೇ ಅದು, ಬೈಯಬೇಡಿ. ಶನಿವಾರ ರಾತ್ರಿ 39 ಅಂದರು. ಭಾನುವಾರ 59. ಆಮೇಲೆ 62. ಕೊನೆಗೆ 67. ಯಾವ ದೇಶದವರು ಎಷ್ಟು ಅಂತ ಡೆಸ್ಕ್ ಕೇಳುತ್ತಲೇ ಇತ್ತು. ಭಾನುವಾರ ಬೆಳಿಗ್ಗೆ ಬೇರೆ ಸಂಸ್ಥೆಯ ಹುಡುಗನೊಬ್ಬ ಹೇಳುತ್ತಾ ಹೋದ, ನಾನು ಬಲಗಡೆ ಪುಟದಲ್ಲಿ ಬರೆಯುತ್ತಾ ಹೋದೆ. ಬ್ರಿಟನ್ ಇಷ್ಟು, ಫ್ರಾನ್ಸ್ ಇಷ್ಟು, ಇಂಡಿಯಾ ಇಷ್ಟು. ಘಾನಾ 1.

ಬರೆದು ಕಳಿಸಿಯೂ ಆಯಿತು. ಸ್ವಲ್ಪ ಹೊತ್ತಿನ ಮೇಲೆ ಹಬ್ಬದ ಕಡೆಯ ಗೆಳತಿ ಫೋನ್ ಮಾಡಿದಳು. ಮಾತಾಡಲಿಲ್ಲ, ಅತ್ತಳು. ನಾನು ಫೋನ್ ಕಿವಿಗೆ ಹಿಡಿದೇ ನೋಟ್‌ಬುಕ್ ನೋಡಿದೆ. ಎಡಗಡೆ ಏಳು ಪ್ರಶ್ನೆ. ಬಲಗಡೆ ಘಾನಾ 1. ಎರಡೂ ನನ್ನದೇ ಅಕ್ಷರ. ಅವೂನರ್ ಅವರ ಮಗನೂ ಜೊತೆಗಿದ್ದ, ಗಾಯವಾಗಿ ಉಳಿದ. ಹಬ್ಬ ಅರ್ಧಕ್ಕೆ ನಿಂತಿತು.

ಅವೂನರ್ ಫೈಲು ನನ್ನ ಫೋಲ್ಡರಿನಲ್ಲಿ ಇರಲಿಲ್ಲ. ಸಂಜೆಯ ಮಾತುಕತೆಯ ಮೇಲೆ ಬರೆಯೋಣ ಅಂತ ಇದ್ದೆ. ರಸ್ತೆಯ ಪಕ್ಕ ಕಟ್ಟೆ ಮೇಲೆ ಕೂತು, ಹೆಲಿಕಾಪ್ಟರ್ ಸದ್ದಿನಲ್ಲಿ, 500 ಪದ ಹೊಡೆದೆ. ಅಜ್ಜಿಯ ಬಗ್ಗೆ ಒಂದು ಪ್ಯಾರಾ ಇತ್ತು. ಪ್ರಕಟವಾಗಿದ್ದು ದಾಳಿಯ ಮುಖ್ಯ ಸುದ್ದಿಯ ಹನ್ನೊಂದನೇ ಪ್ಯಾರಾದಲ್ಲಿ ಒಂದು ಸಾಲು: ಸತ್ತವರಲ್ಲಿ ಘಾನಾದ ಹೆಸರಾಂತ ಕವಿಯೊಬ್ಬರೂ ಸೇರಿದ್ದಾರೆ. ನನಗೆ ಡೆಸ್ಕಿನ ಮೇಲೆ ಸಿಟ್ಟು ಬಂದಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೂ ಮುಂಚೆ ಅವರನ್ನು ಒಂದು ಅಂಕಿ ಮಾಡಿದವಳು ನಾನೇ ಅಲ್ವಾ.

ಆ ನೋಟ್‌ಬುಕ್ ಈಗಲೂ ಇದೆ. ಅದರ ಮುಂದಿನ ಪುಟಗಳಲ್ಲಿ ಏನನ್ನೂ ಬರೆದಿಲ್ಲ.

ಅಲ್ಲಿಂದಾಚೆ ಫೋಲ್ಡರ್ ಸ್ವಲ್ಪ ಜೋರಾಗಿ ಬೆಳೆಯಿತು. ಆದರೂ ಸಾವು ನನ್ನ ಪಟ್ಟಿ ನೋಡಿಕೊಂಡು ಬರುವುದಿಲ್ಲ. 2016ರ ಏಪ್ರಿಲ್ 24, ಭಾನುವಾರ, ಕಾಂಗೋದ ಪಾಪಾ ವೆಂಬಾ ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ ಹಾಡುತ್ತಾ ಹಾಡುತ್ತಾ ವೇದಿಕೆಯ ಮೇಲೇ ಕುಸಿದರು. ಹಿಂದೆ ನರ್ತಕಿಯರು ಗೊತ್ತಾಗದೆ ಇನ್ನೂ ಕುಣಿಯುತ್ತಿದ್ದಾರೆ, ಆ ವಿಡಿಯೊ ನೋಡಿದವರಿಗೆ ಮರೆಯಲ್ಲ. 66 ವರ್ಷ ಅಷ್ಟೇ. ಫೈಲು ಇರಲಿಲ್ಲ. ನೈರೋಬಿಯ ಬಾರುಗಳಲ್ಲಿ ಕಾಂಗೋದ ರುಂಬಾಕ್ಕೆ ‘ಲಿಂಗಾಲಾ’ ಅಂತಲೇ ಹೆಸರು, ಭಾಷೆಯ ಹೆಸರೇ ಸಂಗೀತದ ಹೆಸರು. ಅವತ್ತು ರಾತ್ರಿ ನಮ್ಮ ಬೀದಿಯ ಮೂರು ಬಾರುಗಳಲ್ಲೂ ಬರೀ ಅವರದ್ದೇ ಹಾಡು. ನಾನು ಕಿಟಕಿ ತೆಗೆದಿಟ್ಟು ಟೈಪ್ ಮಾಡಿದೆ.

ಇನ್ನು ಜನವರಿ 23. ದಕ್ಷಿಣ ಆಫ್ರಿಕಾದ ಟ್ರಂಪೆಟ್ ವಾದಕ ಹ್ಯೂ ಮಸೆಕೆಲಾ ಹೋಗಿದ್ದು 2018ರ ಜನವರಿ 23. ಜಿಂಬಾಬ್ವೆಯ ಹಾಡುಗಾರ ಆಲಿವರ್ ಮ್ಟುಕುಡ್ಜಿ ಹೋಗಿದ್ದು 2019ರ ಜನವರಿ 23. ಎರಡನೇ ಸಲ ಡೆಸ್ಕಿನವರು ನಾನು ಹೋದ ವರ್ಷದ ಫೈಲನ್ನೇ ತಪ್ಪಾಗಿ ಕಳಿಸಿದ್ದೇನೆ ಅಂದುಕೊಂಡರು. ಈಗ ಆ ದಿನ ಬಂತೆಂದರೆ ನಾನು ಫೋನ್ ಚಾರ್ಜ್ ಮಾಡಿಟ್ಟುಕೊಳ್ಳುತ್ತೇನೆ. ಸುಮ್ನೆ.

ಫೈಲು ಸಿದ್ಧ ಇಡುವುದರಲ್ಲಿ ಬೇರೆ ಅಪಾಯವೂ ಇದೆ. 2020ರ ನವೆಂಬರಿನಲ್ಲಿ ಫ್ರಾನ್ಸಿನ ಒಂದು ರೇಡಿಯೊದವರು ವೆಬ್‌ಸೈಟ್ ಬದಲಿಸುವಾಗ, ಹೀಗೆ ಬರೆದಿಟ್ಟಿದ್ದ ಸುಮಾರು 100 ಜನರ ನಿಧನ ವಾರ್ತೆ ಒಮ್ಮೆಗೇ ಪ್ರಕಟವಾಗಿಬಿಟ್ಟಿತು. ಬ್ರಿಟನ್ನಿನ ರಾಣಿ, ಪೆಲೆ, ಎಲ್ಲ ಒಂದೇ ಮಧ್ಯಾಹ್ನ. ಅಮ್ಮನಿಗೆ ಹೇಳಿದೆ. “ಅವರ್‍ಯಾರೂ ಬಿಡ್ತು ಅಂದಿರಲಿಲ್ಲ ಅನ್ಸತ್ತೆ” ಅಂದಳು.

ನನ್ನ ಫೋಲ್ಡರಿನಲ್ಲಿ ಅತಿ ಹೆಚ್ಚು ಸಲ ತೆಗೆದು ಮುಚ್ಚಿದ ಫೈಲು ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯೊಂಗೊ ಅವರದ್ದು. ಅದಕ್ಕೆ ಎರಡು ಕೆಲಸ. ಒಂದು ಆಮೇಲಿನದ್ದು. ಇನ್ನೊಂದು ಅಕ್ಟೋಬರಿನದ್ದು. ಸಾಹಿತ್ಯದ ನೊಬೆಲ್ ಘೋಷಣೆ ನೈರೋಬಿಯ ಗಡಿಯಾರದಲ್ಲಿ ಗುರುವಾರ ಮಧ್ಯಾಹ್ನ 2 ಗಂಟೆಗೆ. ನಾನು ಬಂದ 2010ರಲ್ಲೇ ಬೆಟ್ಟಿಂಗಿನವರ ಪಟ್ಟಿಯಲ್ಲಿ ಅವರ ಹೆಸರು ಮೇಲಿತ್ತು. ಪ್ರತಿ ಅಕ್ಟೋಬರಿನಲ್ಲೂ ‘ನಿಧನರಾದರು’ ತೆಗೆದು ‘ನೊಬೆಲ್ ಪಡೆದರು’ ಅಂತ ಹಾಕಿ, ಊಟ ಮಾಡದೆ ಕಾಯುವುದು. 2 ಗಂಟೆ 2 ನಿಮಿಷಕ್ಕೆ ಮತ್ತೆ ‘ನಿಧನರಾದರು’ ಹಾಕಿ ಮುಚ್ಚುವುದು. ಆಮೇಲೆ ಊಟ.

2021ರಲ್ಲಿ ಪೂರ್ವ ಆಫ್ರಿಕಾದವರಿಗೇ ಬಂತು. ಗೂಗಿಗಲ್ಲ, ಜಾಂಜಿಬಾರಿನಲ್ಲಿ ಹುಟ್ಟಿದ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ. ಮಾನ ಹೋಗೋ ವಿಷಯ ಹೇಳ್ತೀನಿ, ನನ್ನ ಫೋಲ್ಡರಿನಲ್ಲಿ 40 ಜನ ಇದ್ದರು, ಅವರಿರಲಿಲ್ಲ. ಜಾಂಜಿಬಾರಿನ ಒಂದು ಪುಸ್ತಕದಂಗಡಿಗೆ ಫೋನ್ ಮಾಡಿ ಅವರ ಕಾದಂಬರಿ ಇದೆಯಾ ಅಂತ ಕೇಳಿದೆ. ಯಾರದ್ದು, ಇನ್ನೊಂದು ಸಲ ಹೆಸರು ಹೇಳಿ ಅಂದರು. ಸ್ವಾಹಿಲಿ ಮನೆಮಾತಿನವರು, ಬರೆದದ್ದು ಇಂಗ್ಲಿಷಿನಲ್ಲಿ. ಅವರ ಕಾದಂಬರಿಯೊಂದು ಸ್ವಾಹಿಲಿಗೆ ಬಂದಿದ್ದೇ ನೊಬೆಲ್ ಬಂದ ಮರುವರ್ಷ.

ಗೂಗಿಯದ್ದು ಇದಕ್ಕೆ ಉಲ್ಟಾ ದಾರಿ. ಇಂಗ್ಲಿಷಿನಲ್ಲಿ ಹೆಸರು ಮಾಡಿದ ಮೇಲೆ ತಮ್ಮ ಮನೆಮಾತು ಗಿಕುಯುವಿಗೆ ವಾಪಸ್ ಬಂದವರು. ಅದರ ಕಥೆ ಹುಡುಕಿಕೊಂಡು ಒಂದು ದಿನ ಲಿಮುರುಗೆ ಹೋಗಿದ್ದೆ. ನೈರೋಬಿಯಿಂದ ಮಟಾಟು ಹತ್ತಿದರೆ ಒಂದು ಗಂಟೆ. ಮಟಾಟು ಅಂದರೆ ನಮ್ಮ ಕಡೆಯ ಮ್ಯಾಕ್ಸಿಕ್ಯಾಬ್ ಥರ, ಹಾಡು ಮಾತ್ರ ಹತ್ತು ಪಟ್ಟು ಜೋರು. ಲಿಮುರು ಚಹಾ ತೋಟಗಳ ಊರು. ಮಂಜು, ಚಳಿ, ಕೆಂಪು ಮಣ್ಣು. ಇಳಿದ ತಕ್ಷಣ ಮಲೆನಾಡಿನ ನೆನಪು ಬಂದು ಸುಮ್ಮನೆ ಐದು ನಿಮಿಷ ನಿಂತಿದ್ದೆ. ಅಲ್ಲಿಯ ಕಮಿರಿಥು ಅನ್ನೋ ಹಳ್ಳಿಯಲ್ಲಿ 1977ರಲ್ಲಿ ಊರವರೇ ಸೇರಿ ಬಯಲು ರಂಗಮಂದಿರ ಕಟ್ಟಿದರು. ಎರಡು ಸಾವಿರ ಜನ ಕೂರುವಷ್ಟು ದೊಡ್ಡದು. ತೋಟದ ಕೂಲಿಗಳು, ಬಾಟಾ ಚಪ್ಪಲಿ ಕಾರ್ಖಾನೆಯ ಕೆಲಸಗಾರರು ಪಾತ್ರ ಮಾಡಿದರು. ಗೂಗಿ ಮತ್ತು ಅವರ ಗೆಳೆಯ ಗೂಗಿ ವಾ ಮಿರಿಯಿ ಸೇರಿ ಬರೆದ ಗಿಕುಯು ನಾಟಕ. ಅಕ್ಟೋಬರಿನಲ್ಲಿ ಶುರುವಾಯಿತು, ನವೆಂಬರಿನಲ್ಲಿ ಸರ್ಕಾರ ನಿಲ್ಲಿಸಿತು, ವರ್ಷದ ಕೊನೆಯಲ್ಲಿ ಗೂಗಿಯನ್ನು ಹಿಡಿದುಕೊಂಡು ಹೋದರು. ಒಂದು ವರ್ಷ ವಿಚಾರಣೆಯಿಲ್ಲದೆ ಜೈಲು. ಅಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯುವಿನಲ್ಲಿ ಕಾದಂಬರಿ ಬರೆದರು. 1982ರಲ್ಲಿ ಪೊಲೀಸರು ಬಂದು ಆ ರಂಗಮಂದಿರವನ್ನೇ ನೆಲಸಮ ಮಾಡಿದರು.

ನಾನು ಹೆಗ್ಗೋಡಿನ ಪಕ್ಕದವಳು. ನೀನಾಸಂ ನಾಟಕ ನೋಡಿಕೊಂಡೇ ಬೆಳೆದವಳು. ಹಳ್ಳಿಯವರು ಸೇರಿ ನಾಟಕಶಾಲೆ ಕಟ್ಟುವುದು ಅಂದರೆ ಏನು ಅಂತ ಗೊತ್ತು. ಕಲ್ಲು ಹೊತ್ತವರು ಯಾರು, ಕರೆಂಟು ಹೋದಾಗ ಗ್ಯಾಸ್‌ಲೈಟ್ ತಂದವರು ಯಾರು ಅಂತ ಇಡೀ ಊರಿಗೆ ನೆನಪಿರುತ್ತದೆ. ಅದನ್ನು ಒಂದು ಬೆಳಿಗ್ಗೆ ಪೊಲೀಸರು ಬಂದು ಕೆಡವುತ್ತಾರೆ ಅನ್ನುವುದು ಮಾತ್ರ ನನಗೆ ಕಲ್ಪಿಸಿಕೊಳ್ಳಲಿಕ್ಕೂ ಆಗಲಿಲ್ಲ. ಕಮಿರಿಥುವಿನಲ್ಲಿ ಚಹಾದಂಗಡಿಯ ಮುದುಕಿಯೊಬ್ಬಳು ಆ ನಾಟಕದ ಹಾಡಿನ ಒಂದು ಸಾಲು ಗುನುಗಿದಳು, ಅರ್ಧಕ್ಕೆ ನಿಲ್ಲಿಸಿ, ಸಕ್ಕರೆ ಎಷ್ಟು ಅಂತ ಕೇಳಿದಳು.

2025ರ ಮೇ 28. ರಾತ್ರಿ. ಗೂಗಿ ಹೋದರು ಅಂತ ಅವರ ಮಗಳು ಫೇಸ್‌ಬುಕ್‌ನಲ್ಲಿ ಹಾಕಿದ್ದರು. ಹುಟ್ಟಿದ ಊರಿನಿಂದ ದೂರ, ಅಮೆರಿಕದಲ್ಲಿ. 87 ವರ್ಷ. ಹದಿನೈದು ವರ್ಷದ ಫೈಲು ತೆಗೆದೆ. 1,400 ಪದ. ಡೆಸ್ಕ್ 600 ಸಾಕು ಅಂತು. ಟಾಯ್ಲೆಟ್ ಪೇಪರ್ ಉಳಿಯಿತು, ಅದು ಯಾವತ್ತೂ ಉಳಿಯುತ್ತದೆ. ಬಾರದ ನೊಬೆಲ್ ಉಳಿಯಿತು. ಚಪ್ಪಲಿ ಕಾರ್ಖಾನೆಯವರು ಹೋದರು. ಮುದುಕಿಯ ಅರ್ಧ ಸಾಲೂ ಹೋಯಿತು. ಅದಕ್ಕೇ ಇಲ್ಲಿ ಬರೆದೆ.

ಈಗ ಚಿತ್ರ ಬಿಡಿಸುವ ಅಜ್ಜನೊಬ್ಬರ ವಿಷಯ. ಹೆಸರು ಹೇಳಲ್ಲ, ಯಾಕಂದರೆ ಅವರ ಫೈಲು ಇನ್ನೂ ಫೋಲ್ಡರಿನಲ್ಲೇ ಇದೆ.

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಆಯ್ಸ್ಟರ್ ಬೇಯಲ್ಲಿ ಟಿಂಗಟಿಂಗ ಚಿತ್ರಕಾರರ ಸಹಕಾರ ಸಂಘ ಇದೆ. ಎಡ್ವರ್ಡ್ ಸಈದಿ ಟಿಂಗಟಿಂಗ ಅನ್ನುವವರು 1968ರ ಸುಮಾರಿಗೆ ಹಾರ್ಡ್‌ಬೋರ್ಡಿನ ಚೌಕಗಳ ಮೇಲೆ ಸೈಕಲ್ಲಿಗೆ ಹಚ್ಚುವ ಎನಾಮಲ್ ಪೇಂಟಿನಿಂದ ಪ್ರಾಣಿ, ಪಕ್ಷಿ ಬರೆಯಲು ಶುರುಮಾಡಿದರು. ಅಲ್ಲೇ ಬೀದಿ ಬದಿ ಮಾರುತ್ತಿದ್ದರು. 1972ರಲ್ಲಿ ಯಾರೋ ಕಳ್ಳರು ಅಂತ ತಪ್ಪು ತಿಳಿದು ಪೊಲೀಸರು ಹಾರಿಸಿದ ಗುಂಡಿಗೆ ಸತ್ತರು. ನಾಲ್ಕೇ ವರ್ಷದ ಚಿತ್ರಬದುಕು. ಶಿಷ್ಯರು, ಶಿಷ್ಯರ ಶಿಷ್ಯರು ಅದನ್ನೇ ಮುಂದುವರಿಸಿದ್ದಾರೆ. ಒಳಗೆ ಕಾಲಿಟ್ಟರೆ ಪೇಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಬೋರ್ಡು ಇಟ್ಟುಕೊಂಡು, ಡಬ್ಬದ ಮುಚ್ಚಳದಲ್ಲಿ ಬಣ್ಣ ಕಲಸುತ್ತಾರೆ. ಎನಾಮಲ್ ಬೇಗ ಒಣಗಲ್ಲ. ಒಂದು ಬಣ್ಣ ಹಚ್ಚಿ, ಬಿಸಿಲಿಗಿಟ್ಟು, ಕಾಫಿ ಕುಡಿದು ಬಂದು ಇನ್ನೊಂದು.

2018ರಲ್ಲಿ ಹೋಗಿದ್ದೆ. ಅಲ್ಲಿಯ ಹಿರಿಯರೊಬ್ಬರ ಹತ್ತಿರ ಕೂತೆ. “ಶಿಕಮೂ, ಮ್ಜೇ” ಅಂದೆ. ಹಿರಿಯರಿಗೆ ಹೇಳುವ ನಮಸ್ಕಾರ ಅದು. “ಮರಹಬಾ” ಅಂತ ಆಶೀರ್ವಾದ ಮಾಡಿ, ಕಹಿ ಕಾಫಿ ತರಿಸಿದರು. ಜೊತೆಗೆ ಕಶಾತಾ, ನಮ್ಮ ಕಡಲೆ ಚಿಕ್ಕಿಯ ಅಣ್ಣ. ನಾನು ಹುಟ್ಟಿದ ವರ್ಷ, ಊರು, ಮಕ್ಕಳೆಷ್ಟು ಅಂತ ಕೇಳುತ್ತಾ ಹೋದೆ. ನಾಲ್ಕನೇ ಪ್ರಶ್ನೆಗೆ ಅವರು ಬ್ರಷ್ ಕೆಳಗಿಟ್ಟರು.

“ಮಗಳೇ, ನಾನು ಸತ್ತಾಗ ಹಾಕೋಕೆ ಬಂದಿದ್ದೀಯಾ?”

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಹೂಂ ಅಂದೆ.

“ಎಷ್ಟು ದೊಡ್ಡದು?”

“600 ಪದ.”

“ಮಂತ್ರಿ ಸತ್ತರೆ?”

“ಅಷ್ಟೇ ಇರಬಹುದು.”

ಸಮಾಧಾನವಾದ ಹಾಗೆ ಕಂಡಿತು. “ಓದು” ಅಂದರು. ಓದಿ, ಸ್ವಾಹಿಲಿಯಲ್ಲಿ ಹೇಳಿದೆ. ಹತ್ತು ನಿಮಿಷ ಕಣ್ಣುಮುಚ್ಚಿ ಕೇಳಿದರು. ಆಮೇಲೆ ಒಂದೊಂದೇ ತಿದ್ದುಪಡಿ.

ಬಡ ಕುಟುಂಬದಲ್ಲಿ ಹುಟ್ಟಿದರು ಅನ್ನೋದು ತೆಗಿ. ತುಂದೂರಿನ ಕಡೆ ನಮ್ಮಪ್ಪನಿಗೆ ಗೇರುಮರ ಇತ್ತು. ನಮ್ಮ ಗೇರುಬೀಜ ತಗೊಳ್ಳೋರು ನಿಮ್ಮ ದೇಶದವರೇ. ಹೌದು ಮ್ಜೇ, ನಮ್ಮ ಮಂಗಳೂರಿನ ಕಾರ್ಖಾನೆಗಳಿಗೆ ಬರುತ್ತೆ ಅಂದೆ. ಹಾಗಾದರೆ ನೀನೂ ತಿಂದಿರ್ತೀಯಾ, ಬಡವ ಅಂತ ಯಾಕೆ ಬರ್ದೆ? ಅಳಿಸಿದೆ.

ಪ್ರವಾಸಿಗರಿಗೆಂದೇ ಚಿತ್ರ ಬರೆದರೂ ಕಲೆ ಬಿಡಲಿಲ್ಲ ಅಂತ ಬರೆದಿದ್ದೆ. ಮೆಚ್ಚುಗೆ ಅಂದುಕೊಂಡೇ ಬರೆದದ್ದು. ಅದಕ್ಕೆ ಅವರು ಸ್ವಲ್ಪ ಸಿಟ್ಟಾದರು. “ಈ ‘ಆದರೂ’ ಯಾಕೆ? ಪ್ರವಾಸಿಗರಿಗೇ ಮಾರಿದ್ದು. ಅದರಲ್ಲೇ ನಾಲ್ಕು ಮಕ್ಕಳನ್ನು ಓದಿಸಿದ್ದು. ಒಬ್ಬಳು ನರ್ಸ್. ಬರ್ಕೊ, ನರ್ಸ್.” ಬರೆದುಕೊಂಡೆ. ಇಷ್ಟು ವರ್ಷ ಕಲೆಯ ಬಗ್ಗೆ ಬರೆದದ್ದರಲ್ಲಿ ನಾನು ಎಷ್ಟು ‘ಆದರೂ’ ಹಾಕಿದ್ದೇನೋ ಲೆಕ್ಕವಿಲ್ಲ.

ಕೊನೆಗೊಂದು ಸಾಲಿತ್ತು: ಈಚಿನ ವರ್ಷಗಳಲ್ಲಿ ಕಣ್ಣು ಮಂಜಾಗಿ, ತಮ್ಮ ಗುರುತೇ ಆಗಿದ್ದ ಸಣ್ಣ ಚುಕ್ಕಿಗಳನ್ನು ಇಡುವುದು ಬಿಟ್ಟಿದ್ದರು. ಅದಕ್ಕೆ ಏನೂ ಹೇಳಲಿಲ್ಲ. ಪಕ್ಕದಲ್ಲಿ ಮೊಮ್ಮಗ ಅವರ ನವಿಲಿಗೆ ಚುಕ್ಕಿ ಇಡುತ್ತಿದ್ದ. ಅವನ ಕೈಯನ್ನೇ ನೋಡುತ್ತಾ ಕೂತರು.

ಪ್ರತಿ ಜನವರಿ ಮೊದಲ ವಾರ ನಾನು ಫೋಲ್ಡರಿನ ಎಲ್ಲರಿಗೂ ಫೋನ್ ಮಾಡುತ್ತೇನೆ. ಹೊಸ ವರ್ಷದ ಶುಭಾಶಯ ಅನ್ನೋದು ನೆಪ. ವಯಸ್ಸು, ಪ್ರಶಸ್ತಿ, ಮೊಮ್ಮಕ್ಕಳ ಸಂಖ್ಯೆ ತಿದ್ದಿಕೊಳ್ಳಬೇಕಲ್ಲ. ಬಹಳ ಜನಕ್ಕೆ ಗೊತ್ತಿಲ್ಲ, ಇಂಡಿಯಾದ ಹುಡುಗಿ ಎಷ್ಟು ಒಳ್ಳೆಯವಳು ಅಂದುಕೊಂಡಿದ್ದಾರೆ. ಈ ಸಲ ದಾರ್‌ಗೆ ಮಾಡಿದಾಗ ಅಜ್ಜನೇ ಎತ್ತಿದರು.

“ಇನ್ನೂ ಇದ್ದೀನಿ” ಅಂದರು, ಹಲೋ ಬದಲಿಗೆ.

“ಗೊತ್ತು ಮ್ಜೇ. ಏನಾದ್ರೂ ತಿದ್ದೋದಿದೆಯಾ?”

“ಕಣ್ಣಿನ ಪೊರೆ ತೆಗೆಸಿದ್ದೇನೆ, ಎರಡೂ ಕಡೆ. ಹುಡುಗನ ಕೈಯಿಂದ ಬ್ರಷ್ ವಾಪಸ್ ಇಸ್ಕೊಂಡಿದ್ದೀನಿ. ಅವನ ಚುಕ್ಕಿ ತುಂಬಾ ದಪ್ಪ.”

ಫೋನ್ ಹಿಡಿದುಕೊಂಡೇ ಫೈಲು ತೆಗೆದೆ. ಕೊನೆಯ ಸಾಲಿಗೆ ಹೋದೆ. ಅಳಿಸಿದೆ. ಸೇವ್ ಒತ್ತಿದೆ.

“ಏನಂದೆ?” ಅಂತ ಕೇಳಿದರು ಆ ಕಡೆಯಿಂದ.

“ಏನಿಲ್ಲ ಮ್ಜೇ. ನಮ್ಮ ಭಾಷೆ.”